ಅಪೀಲು ಹಾಕಿಸುವವರು ವಕಾಲತ್ತಿಗೆ ಸಹಿ ಆಗಿದೆಯೇ ಎಂದು ಮೊದಲು ನೋಡಿ

ಕಳೆದ ವರ್ಷ ಹಾಸನದ ಬಸ್ ನಿಲ್ದಾಣದಲ್ಲಿ ನನ್ನ ತಮ್ಮನ ಚೀಲದಲ್ಲಿ ನಾಲ್ಕು ಕಿಲೋ ಗಾಂಜಾ ಸಿಕ್ಕಿತು. ಅವನ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಹಾಸನದ ನ್ಯಾಯಾಲಯ ಅವನಿಗೆ ಐದು ವರ್ಷಗಳ ಕಠಿಣ ಸಜೆ ಮತ್ತು ಐವತ್ತು ಸಾವಿರ ರೂಪಾಯಿ ದಂಡ ವಿಧಿಸಿದ ಮೇಲೆ, ಮೇಲ್ಮನವಿಯ ಹೆಸರಿನಲ್ಲಿ ನಮ್ಮ ಮನೆಗೆ ಆದ ಮೋಸ ಇನ್ನೊಂದು ಮನೆಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ತೀರ್ಪಿನ ದಿನ ಸಂಜೆಯೇ ಪರಿಚಯದವರ ಮೂಲಕ ಒಬ್ಬ ಮಧ್ಯವರ್ತಿ ಸಿಕ್ಕಿದ. ಬೆಂಗಳೂರಿನ ದೊಡ್ಡ ವಕೀಲರ ಕಡೆಯವನೆಂದು ಹೇಳಿಕೊಂಡ ಆತ, ಮಾದಕ ವಸ್ತುಗಳ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆಯ 37ನೇ ಕಲಂ ಇರುವುದರಿಂದ ಜಾಮೀನು ಸಿಗುವುದೇ ಕಷ್ಟ, ಅದಕ್ಕೆ ಬೇರೆಯೇ ಖರ್ಚಾಗುತ್ತದೆ ಎಂದು ಹೆದರಿಸಿದ. ಗಾಂಜಾ ಇಟ್ಟುಕೊಂಡ ಪ್ರಕರಣಗಳಲ್ಲಿ ಆ ಕಲಮಿನ ಬಿಗಿ ಷರತ್ತು ಅನ್ವಯವಾಗುವುದು 20 ಕಿಲೋಗಿಂತ ಹೆಚ್ಚು ಸಿಕ್ಕಾಗ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಅಮ್ಮನ ಸರ ಅಡವಿಟ್ಟು, ಒಣಗಿಸಿಟ್ಟಿದ್ದ ಮೆಣಸನ್ನು ಕೇಳಿದ ಬೆಲೆಗೆ ಮಾರಿ ಒಂದೂವರೆ ಲಕ್ಷ ಕೊಟ್ಟೆವು, ರಸೀದಿ ಕೇಳಲಿಲ್ಲ.

ಹದಿನೈದು ದಿನ ಬಿಟ್ಟು ಆತ ಹಸಿರು ಫೈಲೊಂದನ್ನು ತಂದುಕೊಟ್ಟ. ಒಳಗೆ ತೀರ್ಪಿನ ಜೆರಾಕ್ಸ್, ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ನಾಲ್ಕಂಕಿಯ ಒಂದು ಸಂಖ್ಯೆ. ಅದೇ ಅಪೀಲಿನ ನಂಬರು ಎಂದ. ಹೈಕೋರ್ಟಿನ ಪ್ರಕರಣದ ಸಂಖ್ಯೆಯ ಜೊತೆಗೆ ವರ್ಷ ಇದ್ದೇ ಇರುತ್ತದೆ, ಅದರಲ್ಲಿ ಇರಲಿಲ್ಲ. ಅದಕ್ಕಿಂತ ದೊಡ್ಡ ಸುಳಿವೊಂದು ಕಣ್ಣೆದುರಿಗೇ ಇತ್ತು: ಜೈಲಿನಲ್ಲಿರುವವನ ಪರವಾಗಿ ವಕೀಲರು ಹಾಜರಾಗಬೇಕಾದರೆ ವಕಾಲತ್ತಿಗೆ, ಅಂದರೆ ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಅವನೇ ಸಹಿ ಹಾಕಬೇಕು, ಆ ಸಹಿಯನ್ನು ಜೈಲಿನ ಅಧಿಕಾರಿ ದೃಢೀಕರಿಸಬೇಕು. ತಮ್ಮನ ಬಳಿ ಯಾರೂ ಸಹಿ ಪಡೆದಿರಲೇ ಇಲ್ಲ. ಪ್ರತಿ ಭೇಟಿಯಲ್ಲೂ ಅವನು ಜಾಲರಿಯ ಆಚೆಯಿಂದ "ಅಣ್ಣ, ಅಪೀಲು ಏನಾಯ್ತು?" ಎಂದು ಕೇಳುತ್ತಿದ್ದ, ನಾನು "ಮುಂದಿನ ವಾರ ಬರುತ್ತಂತೆ" ಎನ್ನುತ್ತಿದ್ದೆ. ಹೀಗೆ ಏಳು ತಿಂಗಳು ಕಳೆದವು. ಕಡೆಗೆ ಪಕ್ಕದ ಮನೆಯ ಹುಡುಗಿ ಹೈಕೋರ್ಟಿನ ಜಾಲತಾಣದಲ್ಲಿ ತಮ್ಮನ ಹೆಸರು ಹಾಕಿ ಹುಡುಕಿಕೊಟ್ಟಳು. ಯಾವ ಮೇಲ್ಮನವಿಯೂ ಸಲ್ಲಿಕೆಯಾಗಿರಲಿಲ್ಲ. ಮಧ್ಯವರ್ತಿಯ ಫೋನು ಅಂದಿನಿಂದ ಸ್ವಿಚ್ ಆಫ್.

ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಇರುವ ಕಾಲಮಿತಿ 60 ದಿನ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಅಷ್ಟು ಬಿಟ್ಟುಕೊಟ್ಟರೂ ನಮ್ಮ ಗಡುವು ಎಂದೋ ಮುಗಿದಿತ್ತು. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋದಾಗ ಅಲ್ಲಿನವರು ತಿಳಿಸಿದ ಸಂಗತಿಗಳು ತೀರ್ಪಿನ ದಿನವೇ ಗೊತ್ತಿದ್ದರೆ ಅಮ್ಮನ ಸರ ಮನೆಯಲ್ಲೇ ಇರುತ್ತಿತ್ತು. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇದ್ದರೂ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಉಚಿತ ವಕೀಲರು ಸಿಗುತ್ತಾರೆ. ಸಜೆಯಾದವನಿಗೆ ತೀರ್ಪಿನ ಪ್ರತಿಯನ್ನು ನ್ಯಾಯಾಲಯವೇ ಉಚಿತವಾಗಿ ಕೊಡಬೇಕು. ಅವನು ಜೈಲಿನ ಅಧೀಕ್ಷಕರ ಮೂಲಕವೇ ಮೇಲ್ಮನವಿ ಕಳಿಸಬಹುದು. ಕಚೇರಿಗೆ ಹೋಗಲಾಗದವರು 15100ಕ್ಕೆ ಕರೆ ಮಾಡಿ ವಿಚಾರಿಸಬಹುದು.

ತಮ್ಮ ಈಗ ಜೈಲಿನಿಂದಲೇ ವಕಾಲತ್ತಿಗೆ ಸಹಿ ಹಾಕಿ ಕಳಿಸಿದ್ದಾನೆ. ತಡವಾದದ್ದಕ್ಕೆ ಕಾರಣ ವಿವರಿಸಿ, ವಿಳಂಬ ಮನ್ನಿಸಬೇಕೆಂದು ಕೋರಿದ ಅರ್ಜಿಯೊಂದಿಗೆ ಮೇಲ್ಮನವಿ ಸಲ್ಲಿಕೆಯಾಗಿದೆ. ಸಂಖ್ಯೆಯೂ ವರ್ಷವೂ ಇರುವ ಚೀಟಿ ನನ್ನ ಕೈಯಲ್ಲಿದೆ. ಅರ್ಜಿ ಇನ್ನೂ ವಿಚಾರಣೆಗೆ ಬರಬೇಕಿದೆ.