ಕಾವೇರಿ ಸಂಪರ್ಕ ಕೊಡಿಸ್ತೀವಿ ಅಂತ ಯಾರಾದರೂ ದುಡ್ಡು ಎತ್ತೋಕೆ ಬಂದರೆ ಮೊದಲು ರಸೀದಿ ನೋಡಿ

ಬೆಂಗಳೂರಿನ ಹೊರವಲಯದ ರೆವಿನ್ಯೂ ಬಡಾವಣೆಗಳಲ್ಲಿ (ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲಿ ಎದ್ದ ಲೇಔಟುಗಳಲ್ಲಿ) ಇರುವವರು, ಅದರಲ್ಲೂ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಕಡೆಯವರು, ಇದನ್ನು ಓದಿ ಅಕ್ಕಪಕ್ಕದವರಿಗೂ ಹೇಳಿ. ನೀರಿನ ಸಂಪರ್ಕದ ಹೆಸರಲ್ಲಿ ಮನೆಮನೆಗೆ ಬರುವ 'ಹೋರಾಟ ಸಮಿತಿ'ಗಳ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ಬಡಾವಣೆಯಲ್ಲಿ ಮನೆಗೆ 18,000 ರೂಪಾಯಿಯಂತೆ ಹೋಗಿದೆ, ನಮ್ಮ ಮನೆಯದೂ ಸೇರಿ. ಇವತ್ತಿನವರೆಗೆ ವಾಪಸ್ ಬಂದಿಲ್ಲ.

2024ರ ಬೇಸಿಗೆ ಈ ಕಡೆಯವರಿಗೆ ಮರೆಯುವಂಥದ್ದಲ್ಲ. ಬೋರ್‌ವೆಲ್ ಕೈಕೊಟ್ಟಿತ್ತು, ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದರು. ಮಾರ್ಚ್‌ನಲ್ಲಿ ಜಿಲ್ಲಾಡಳಿತ, ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ ಅಂತ ದರ ನಿಗದಿ ಮಾಡಿತು. ಆ ದರಕ್ಕೆ ಫೋನ್ ಮಾಡಿದರೆ 'ಗಾಡಿ ಇಲ್ಲ ಮೇಡಂ' ಅನ್ನುವ ಉತ್ತರ. ಹೋಗಿ ಕೇಳೋಣ ಅಂದರೆ ಕಾರ್ಪೊರೇಟರ್ ಇಲ್ಲ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು, ಮತ್ತೆ ಚುನಾವಣೆ ನಡೆದಿರಲಿಲ್ಲ. ವಾರ್ಡಿಗೊಬ್ಬ ನೋಡಲ್ ಅಧಿಕಾರಿ ಅಂತ ಹೇಳುತ್ತಿದ್ದರು, ಮುಖ ನೋಡಿದವರು ನಮ್ಮ ಬೀದಿಯಲ್ಲಂತೂ ಯಾರೂ ಇರಲಿಲ್ಲ. ಹೀಗೆ ಖಾಲಿ ಬಿದ್ದ ಸೀಟಿಗೆ ಟವೆಲ್ ಹಾಕಿಕೊಂಡು ಕೂತವರೇ ಟಿಕೆಟ್ ಆಕಾಂಕ್ಷಿಗಳು. ಯುಗಾದಿಗೊಂದು ಫ್ಲೆಕ್ಸ್, ಗಣೇಶನಿಗೊಂದು ಫ್ಲೆಕ್ಸ್, ಪ್ರತಿಯೊಂದರಲ್ಲೂ 'ಜನಸೇವಕರು'.

ನಮ್ಮ ಕಡೆಯ ಜನಸೇವಕರನ್ನು ಎಲ್ಲರೂ 'ಅಣ್ಣ' ಅಂತಲೇ ಕರೆಯುವುದು. ಆ ಬೇಸಿಗೆಯಲ್ಲಿ ಎರಡು ಟ್ಯಾಂಕರ್ ಬಿಟ್ಟಿ ಕಳಿಸಿದ್ದೂ ನಿಜ. ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಈ 110 ಹಳ್ಳಿಗಳಿಗೆಂದೇ ರೂಪಿಸಿದ ಯೋಜನೆ. ಅದಾದ ಕೆಲವೇ ದಿನಕ್ಕೆ ಅಣ್ಣ ತಮ್ಮ 'ಹೋರಾಟ ಸಮಿತಿ'ಯ ಹುಡುಗರನ್ನು ಕರೆದುಕೊಂಡು ಮನೆಮನೆಗೆ ಬಂದರು. 'ಅಮ್ಮಾ, ನೀವು ಆಫೀಸಿಗೆಲ್ಲ ಯಾಕೆ ಅಲೀತೀರ, ನಾನಿದ್ದೀನಲ್ಲ. ಇಡೀ ಲೇಔಟಿಗೆ ಒಟ್ಟಿಗೆ ಕಟ್ಟಿದರೆ ಪ್ರೊರೇಟಾ ಕಮ್ಮಿ ಆಗುತ್ತೆ, ರಸ್ತೆ ಅಗೆಯೋ ಪರ್ಮಿಷನ್ನೂ ನಮ್ಮದೇ.' (ಪ್ರೊರೇಟಾ ಅಂದರೆ ಹೊಸ ಸಂಪರ್ಕಕ್ಕೆ ಜಲಮಂಡಳಿ ಹಾಕುವ ಶುಲ್ಕ.) ಯುಪಿಐ ಮಾಡಿದವರು ಉಂಟು, ನಗದು ಕೊಟ್ಟವರೇ ಹೆಚ್ಚು. ಎಲ್ಲರಿಗೂ ಬಣ್ಣದ ರಸೀದಿ ಸಿಕ್ಕಿತು.

ತಿಂಗಳುಗಳು ಕಳೆದರೂ ನಲ್ಲಿ ಬರಲಿಲ್ಲ. ಕೇಳಿದಾಗಲೆಲ್ಲ ಫೈಲ್ ಮೇಲಿನ ಆಫೀಸಿನಲ್ಲಿದೆ, ಇಂಜಿನಿಯರ್ ವರ್ಗ ಆದರು, ಚುನಾವಣೆ ಘೋಷಣೆ ಆಗಿಬಿಟ್ಟರೆ ಕಷ್ಟ. ಕೊನೆಗೆ ನಾನೂ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರೂ ಜಲಮಂಡಳಿಯ ಉಪವಿಭಾಗದ ಕಚೇರಿಗೆ ಹೋದೆವು. ಅಲ್ಲಿದ್ದವರು ಬೈಯಲಿಲ್ಲ, ಬದಲಿಗೆ ನಮ್ಮನ್ನೇ ಕೇಳಿದರು: 'ನಿಮ್ಮ ರಸ್ತೇಲಿ ಪೈಪ್ ಹಾಕಿ ಎಷ್ಟು ಕಾಲ ಆಯ್ತು, ಯಾಕೆ ಯಾರೂ ಅರ್ಜಿ ಹಾಕ್ತಿಲ್ಲ?' ಸಂಪರ್ಕ ತಗೊಳ್ಳಿ ಅಂತ ಮಂಡಳಿಯೇ ಆಗ ಪ್ರಚಾರ ಮಾಡುತ್ತಿತ್ತು. ನಡುವೆ ಒಬ್ಬರು ಅಡ್ಡ ನಿಂತಿದ್ದರಿಂದ ಅದು ನಮ್ಮ ಕಿವಿಗೇ ಬಿದ್ದಿರಲಿಲ್ಲ. ಬಡಾವಣೆಗೆಲ್ಲ ಸೇರಿಸಿ ಒಂದೇ ಅರ್ಜಿ ಅನ್ನುವುದೂ ಅಲ್ಲಿ ಇರಲಿಲ್ಲ. ಮನೆ ಮಾಲೀಕರು ಖಾತೆ (ಪಾಲಿಕೆಯ ಆಸ್ತಿ ದಾಖಲೆ), ತೆರಿಗೆ ರಸೀದಿ ಇಟ್ಟು ಅರ್ಜಿ ಹಾಕಬೇಕು, ಎಷ್ಟು ಕಟ್ಟಬೇಕು ಅಂತ ಡಿಮ್ಯಾಂಡ್ ನೋಟಿಸ್ ಬರುತ್ತದೆ, ಅದನ್ನು ಮಂಡಳಿಗೇ ಕಟ್ಟಬೇಕು, ಆಮೇಲೆ ನಿಮ್ಮ ಹೆಸರಿಗೆ ಆರ್‌ಆರ್ ನಂಬರ್, ಅಂದರೆ ಗ್ರಾಹಕ ಸಂಖ್ಯೆ. ಬಾಯಿಮಾತು ಬೇಡ ಅಂತ ಮೇಷ್ಟ್ರು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಆರ್‌ಟಿಐ ಅರ್ಜಿ ಹಾಕಿದರು. ಸಮಿತಿಯ ಹೆಸರಲ್ಲಿ ಯಾವ ಅರ್ಜಿಯೂ ಇಲ್ಲ, ಯಾವ ಠೇವಣಿಯೂ ಇಲ್ಲ ಅಂತ ಲಿಖಿತ ಉತ್ತರವೇ ಬಂತು. (ಕರ್ನಾಟಕದ ನಿಯಮದಲ್ಲಿ ಆರ್‌ಟಿಐ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು. ರಾಮಾಯಣ ಬರೆದರೆ ವಾಪಸ್ ಬರುತ್ತದೆ.)

ನಿಜವಾದ ಕೈಚಳಕ ಇದ್ದದ್ದು ರಸೀದಿಯಲ್ಲಿ. ಮೇಲ್ಗಡೆ ದಪ್ಪಕ್ಷರದಲ್ಲಿ ನಮ್ಮ ಬಡಾವಣೆಯ ಹೆಸರು, ಕೆಳಗೆ ಸಣ್ಣದಾಗಿ 'ಸೇವಾ ಟ್ರಸ್ಟ್'. ಮೊತ್ತದ ಪಕ್ಕ 'ದೇಣಿಗೆ'. ನಮ್ಮ ನಿವಾಸಿಗಳ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುವಂಥದ್ದು. ಅಲ್ಲಿ ಲೆಕ್ಕಪತ್ರದ ತಕರಾರಿದ್ದರೆ ಮೂರನೇ ಒಂದರಷ್ಟು ಸದಸ್ಯರು ಸಹಿ ಹಾಕಿ 25ನೇ ಕಲಮಿನಡಿ ನೋಂದಣಾಧಿಕಾರಿಯಿಂದ ವಿಚಾರಣೆ ಮಾಡಿಸಬಹುದು. ಟ್ರಸ್ಟಿಗೆ ಆ ಕಲಮು ತಾಗುವುದಿಲ್ಲ. ಅಲ್ಲಿ ನಾವು ಸದಸ್ಯರೇ ಅಲ್ಲ, ದಾನಿಗಳು. ಸಮಿತಿಯಿಂದ ಮುನಿಸಿಕೊಂಡು ಹೊರಬಂದವರೊಬ್ಬರು ಟ್ರಸ್ಟ್ ಡೀಡಿನ ಜೆರಾಕ್ಸ್ ತೋರಿಸಿದರು: ಅಣ್ಣ, ಅವರ ಮನೆಯವರು, ಭಾಮೈದ.

ಸ್ಟೇಷನ್ನಿಗೂ ಹೋದೆವು. 'ದೇಣಿಗೆ ಅಂತ ಬರೆದಿದೆಯಲ್ಲ ಮೇಡಂ, ಕೊಟ್ಟವರು ನೀವೇ, ಸಿವಿಲ್ ಕೋರ್ಟಿಗೆ ಹೋಗಿ' ಅಂತ ಹಿಂಬರಹ (ಕೇಸು ದಾಖಲಿಸದೆ ಕೊಡುವ ಲಿಖಿತ ಉತ್ತರ) ಕೊಟ್ಟು ಕಳಿಸಿದರು. ಹದಿನೆಂಟು ಸಾವಿರಕ್ಕೆ ಯಾರು ವಕೀಲರನ್ನು ಇಡುತ್ತಾರೆ? ಮೊತ್ತ ಅಷ್ಟಕ್ಕೇ ನಿಲ್ಲಿಸಿದ್ದು ಲೆಕ್ಕ ಹಾಕಿಯೇ ಅಂತ ನನ್ನ ಅನುಮಾನ. ಬಾಯಿಬಿಟ್ಟು ಕೇಳಿದ್ದಕ್ಕೆ ಬಡಾವಣೆಯ ವಾಟ್ಸಾಪ್ ಗುಂಪಿನಿಂದ ಮೇಷ್ಟ್ರನ್ನು ತೆಗೆದುಹಾಕಿದರು. 'ಒಳ್ಳೆ ಕೆಲಸಕ್ಕೆ ಕಲ್ಲು ಹಾಕೋರು' ಅನ್ನುವ ಬಿರುದು ನಮ್ಮಿಬ್ಬರಿಗೂ ಸಿಕ್ಕಿದೆ. ಹಾಗೆ ಅಂದವರಲ್ಲಿ ದುಡ್ಡು ಕಳಕೊಂಡವರೂ ಇದ್ದಾರೆ, ಅದೇ ಬೇಜಾರು.

ನಾವು ಆಮೇಲೆ ಸ್ವಂತ ಅರ್ಜಿ ಹಾಕಿ, ಮಂಡಳಿಗೆ ಬೇರೆ ದುಡ್ಡು ಕಟ್ಟಿ ಸಂಪರ್ಕ ತಗೊಂಡೆವು. ನೀರು ದಿನ ಬಿಟ್ಟು ದಿನ ಬರುತ್ತಿದೆ.

ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ವಾರ್ಡಿನ ಗಡಿ ಬದಲಾಗಿದೆ, ಅಣ್ಣನ ಫ್ಲೆಕ್ಸಿನಲ್ಲಿ ವಾರ್ಡಿನ ಹೆಸರೂ ಬದಲಾಗಿದೆ. ಹೊಸ ವಸೂಲಿ ಇ-ಖಾತಾ (ಡಿಜಿಟಲ್ ಆಸ್ತಿ ದಾಖಲೆ) ಮಾಡಿಸಿಕೊಡುವುದಕ್ಕಂತೆ, ಪಕ್ಕದ ಬಡಾವಣೆಯಲ್ಲಿ ಶುರುವಾಗಿದೆ. ರಸೀದಿ ಪುಸ್ತಕ ಅದೇ ಟ್ರಸ್ಟಿನದು. ಈಗಾಗಲೇ ಕೊಟ್ಟವರು ರಸೀದಿ, ಯುಪಿಐ ಸ್ಕ್ರೀನ್‌ಶಾಟ್, ಏನು ಮಾಡಿಸಿಕೊಡುತ್ತೇವೆ ಅಂತ ಅವರು ಕಳಿಸಿದ ವಾಟ್ಸಾಪ್ ಮೆಸೇಜು, ವಾಯ್ಸ್ ನೋಟು ಯಾವುದನ್ನೂ ಅಳಿಸಬೇಡಿ. ದೇಣಿಗೆ ಅಲ್ಲ, ಕೆಲಸಕ್ಕೆಂದು ಕೊಟ್ಟ ದುಡ್ಡು ಅಂತ ತೋರಿಸಲು ನಮ್ಮ ಬಳಿ ಉಳಿದಿರುವುದು ಅಷ್ಟೇ. ಹೆಚ್ಚು ಮನೆಯವರು ಸೇರಿದರೆ ಎಲ್ಲರದನ್ನೂ ಒಟ್ಟುಗೂಡಿಸಿ ಇನ್ನೊಮ್ಮೆ ದೂರು ಕೊಡುವುದು ಅಂತ ಮೇಷ್ಟ್ರು ಪಟ್ಟಿ ಮಾಡುತ್ತಿದ್ದಾರೆ.