ಶಿರಾ ಕಡೆಯ ಕರಿ ಉಣ್ಣೆ ನೂಲು: ನಾಲ್ಕೈದು ವರ್ಷ ಹೆಣೆದ ಮೇಲೆ

ತುಮಕೂರಿನ ಅಂಗಡಿಗಳಲ್ಲಿ ಉಲ್ಲನ್ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಅಕ್ರಿಲಿಕ್. ನಾನು ಹೆಣೆಯುತ್ತಿರುವುದು ಶಿರಾ ಕಡೆಯ ಒಂದು ಸಣ್ಣ ಮಿಲ್ಲಿನ ನೂಲು. ದಕ್ಕನಿ ಕುರಿಯ ಉಣ್ಣೆ, ಕಂಬಳಿಗೆ ಹಾಕುವಂಥದ್ದೇ. ಬಣ್ಣ ಅದ್ದಿಲ್ಲ, ಕುರಿಯ ಮೈಬಣ್ಣವೇ ನೂಲಿನ ಬಣ್ಣ.

ಮೊದಲೇ ಹೇಳಿಬಿಡುತ್ತೇನೆ, ಇದು ಚುಚ್ಚುತ್ತದೆ. ಉಣ್ಣೆ ಒರಟು, ನಡುನಡುವೆ ಗಡಸು ಕೂದಲೂ ಇರುತ್ತದೆ. ಮಗುವಿನ ಟೋಪಿಗೆ, ಕತ್ತಿಗೆ ಸುತ್ತುವ ಮಫ್ಲರ್‌ಗೆ ಖಂಡಿತ ಬೇಡ. ಆದರೆ ಶರ್ಟಿನ ಮೇಲೆ ಹಾಕುವ ತೋಳಿಲ್ಲದ ಸ್ವೆಟರಿಗೆ ಇದಕ್ಕಿಂತ ಒಳ್ಳೆಯ ನೂಲನ್ನು ನಾನು ಕಂಡಿಲ್ಲ.

ಗುಬ್ಬಿ ಹತ್ತಿರ ತೋಟದಲ್ಲಿರುವ ನಮ್ಮ ಮಾವನವರಿಗೆ ಅಂಥದ್ದೊಂದು ಹಾಕಿಕೊಟ್ಟಿದ್ದೇನೆ. ಚಳಿಗಾಲದಲ್ಲಿ ಬೆಳಗ್ಗೆ ತೆಂಗಿಗೆ ನೀರು ಬಿಡಲು ಹೋಗುವಾಗ ಅದು ಮೈಮೇಲೆ ಇರಲೇಬೇಕು. ಸೋನೆ ಹಿಡಿದರೆ ಹನಿಗಳು ಮಣಿಗಳ ಹಾಗೆ ಮೇಲೇ ನಿಲ್ಲುತ್ತವೆ, ಕೊಡವಿದರೆ ಉದುರಿಹೋಗುತ್ತವೆ. ಉಣ್ಣೆಯ ಜಿಡ್ಡಿನ ಗುಣ ಅದು. ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಉಣ್ಣೆ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಇಷ್ಟು ವರ್ಷ ಹಾಕಿದರೂ ಅಂಚು ಜಗ್ಗಿಲ್ಲ.

ನೂಲು ಲಡಿಯಲ್ಲಿ ಬರುತ್ತದೆ. ಉಂಡೆ ಸುತ್ತುವಾಗ ಹುಲ್ಲಿನ ಚೂರು, ಮುಳ್ಳುಬೀಜ ಬೆರಳಿಗೆ ತಗಲುತ್ತವೆ, ಆಗಲೇ ಕಿತ್ತುಹಾಕಿ. ಹತ್ತು ನಂಬರ್ ಕಡ್ಡಿಯಲ್ಲಿ (ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣದು) ಹೆಣೆದರೆ ಬಟ್ಟೆ ಹಲಗೆಯಾಗಿಬಿಡುತ್ತದೆ. ಎಂಟು ನಂಬರ್, ಅಂದರೆ 4 ಮಿಲಿಮೀಟರ್ ಕಡ್ಡಿ ಸರಿ. ಸ್ಟೀಲಿನದ್ದಾದರೆ ಈ ಒರಟು ನೂಲು ಸಲೀಸಾಗಿ ಜಾರುತ್ತದೆ. ಒಂದೆಳೆ ನೂಲಿಗೆ ಹುರಿ ಜಾಸ್ತಿ, ಸುಮ್ನೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕುತ್ತಾ ಹೋದರೆ ತುಂಡು ಓರೆಯಾಗಿ ವಾಲುತ್ತದೆ. ಒಂದೇ ಸಾಲಿನೊಳಗೆ ಎರಡು ಸೀದಾ, ಎರಡು ಉಲ್ಟಾ ಹಾಕಿ. ಆಗ ನೆಟ್ಟಗೆ ನಿಲ್ಲುತ್ತದೆ.

ವಾಷಿಂಗ್ ಮೆಷಿನ್ನಿಗೆ ಹಾಕಲೇಬೇಡಿ. ಬಿಸಿನೀರು, ತಿಕ್ಕಾಟ ಎರಡೂ ಸೇರಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗುತ್ತದೆ, ಮತ್ತೆ ಬಿಡಿಸಲಾಗದು. ತಣ್ಣೀರಿನಲ್ಲಿ ಅಂಟುವಾಳದ ನೊರೆ ಮಾಡಿ ನೆನೆಸಿ. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ. ಕುರಿ ವಾಸನೆ ಒಗೆದಂತೆಲ್ಲ ಕಮ್ಮಿಯಾಗುತ್ತದೆ.

ಬೇಜಾರಿನ ವಿಷಯ ಒಂದಿದೆ. ಒಂದು ಸಲ ತಂದ ಲಡಿ ಕಡುಗಪ್ಪು, ಮುಂದಿನ ಸಲದ್ದು ಕಂದು. ದಪ್ಪವೂ ಒಂದೇ ಸಮ ಇರುವುದಿಲ್ಲ. ಬೇರೆ ಬೇರೆ ಕುರಿ, ಬೇರೆ ಬೇರೆ ಕತ್ತರಿಕೆ, ಬಣ್ಣ ಒಂದೇ ಇರಲಿ ಅಂದರೆ ಹೇಗೆ ಅಲ್ವಾ? ಆದರೆ ದಪ್ಪದ ವಿಷಯದಲ್ಲಿ ಮಿಲ್ಲಿನವರು ಇನ್ನಷ್ಟು ಗಮನ ಕೊಡಬಹುದು, ಹೇಳಿಯೂ ಇದ್ದೇನೆ. ಅಲ್ಲಿಯವರೆಗೆ ಒಂದು ಸ್ವೆಟರಿಗೆ ಬೇಕಾದ ಅಷ್ಟೂ ನೂಲನ್ನು ಒಟ್ಟಿಗೇ ತನ್ನಿ, ಒಂದು ಲಡಿ ಜಾಸ್ತಿಯೇ ಇರಲಿ. ಮರಿಗಳ ಮೊದಲ ಕತ್ತರಿಕೆಯ ಉಣ್ಣೆ ಬಂದಿದೆಯಾ ಅಂತಲೂ ಕೇಳಿ. ಅದು ಉಳಿದದ್ದಕ್ಕಿಂತ ಮೆತ್ತಗಿರುತ್ತದೆ, ಬೇಗ ಖಾಲಿಯಾಗುತ್ತದೆ.