ವಿದ್ಯಾನಗರದ ಎಫ್‌ಎಂಜಿಇ ತರಗತಿ: ಪಾಠ ಗಟ್ಟಿ, ವೇಳಾಪಟ್ಟಿ ಸಡಿಲ

ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವರು ಇಲ್ಲಿ ಔಷಧಿ ಚೀಟಿ ಬರೆಯಬೇಕಾದರೆ ಮೊದಲು ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. 300 ಪ್ರಶ್ನೆ, 150 ಅಂಕ ಬಂದರೆ ಪಾಸು. ವರ್ಷಕ್ಕೆ ಎರಡು ಸಲ ನಡೆಯುವ ಈ ಪರೀಕ್ಷೆಗೆ ದಾವಣಗೆರೆಯ ವಿದ್ಯಾನಗರದ ಒಂದು ಸಣ್ಣ ಕೇಂದ್ರ ತರಬೇತಿ ಕೊಡುತ್ತಿದೆ. ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯವರು ಬೆಂಗಳೂರಿನ ಪಿಜಿ ಬಾಡಿಗೆ ಉಳಿಸಿಕೊಂಡು ಮನೆಯಿಂದಲೇ ಓಡಾಡಬಹುದು.

ಇಲ್ಲಿನ ನಿಜವಾದ ಶಕ್ತಿ ನಮ್ಮ ನೆಲದ ಕಾಯಿಲೆಗಳ ಪಾಠ. ಜಾರ್ಜಿಯಾ, ಕಿರ್ಗಿಸ್ತಾನದ ವಾರ್ಡುಗಳಲ್ಲಿ ಆರು ವರ್ಷ ಓಡಾಡಿದರೂ ನಾಗರಹಾವು ಕಚ್ಚಿದವರು ಕಣ್ಣಿಗೆ ಬೀಳುವುದಿಲ್ಲ. ನಾಳೆ ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಕೂತರೆ ಮೊದಲು ಬರುವುದು ಅದೇ ಆಗಿರಬಹುದು. ಹಾಗಾಗಿ ಹಾವು ಕಡಿತಕ್ಕೆ ಇಡೀ ಒಂದು ಮಧ್ಯಾಹ್ನ ಕೊಡುತ್ತಾರೆ. ಹೊಸ, ಒಣಗಿದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಮಾತ್ರ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಎಂದು ಅನುಮಾನಿಸಿ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷದ ಔಷಧಿ) 10 ವಯಲ್ ಶುರುಮಾಡುವುದು. ಅದಕ್ಕೆ ಅಲರ್ಜಿ ಎದ್ದರೆ ಕೊಡಲು ಅಡ್ರಿನಲಿನ್ ಪಕ್ಕದಲ್ಲೇ ಇರಬೇಕು. ಮಗುವಿಗೂ ಅಷ್ಟೇ ಡೋಸ್, ಏಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಸೋಪಿನಲ್ಲಿ ತೊಳೆದ ಟ್ಯೂಬು ಅಥವಾ ಪ್ಲಾಸ್ಟಿಕ್ ಟ್ಯೂಬು ಬಳಸಿದರೆ ಸರಿಯಿರುವ ರಕ್ತವೂ ಹೆಪ್ಪುಗಟ್ಟುವುದಿಲ್ಲ, ಬೇಡದ ಎಎಸ್‌ವಿ ಹೋಗಿಬಿಡುತ್ತದೆ. ಕಟ್ಟುಹಾವು ಕಚ್ಚಿದಲ್ಲಿ ಊತವೇ ಇರದು, ಈ ಪರೀಕ್ಷೆಯಲ್ಲಿ ರಕ್ತವೂ ಸರಿಯಾಗೇ ಹೆಪ್ಪುಗಟ್ಟುತ್ತದೆ. ರೆಪ್ಪೆ ಇಳಿದಿದೆಯಾ, ಉಸಿರು ಹೇಗಿದೆ ನೋಡಬೇಕು. ಇಷ್ಟು ಬಿಡಿಸಿ ಹೇಳುವ ಮೇಷ್ಟ್ರು ಸಿಗುವುದು ಅಪರೂಪ.

ಎಡವಿರುವುದು ವೇಳಾಪಟ್ಟಿಯಲ್ಲಿ. ಅನಾಟಮಿಗೆ (ದೇಹರಚನೆ) ಐದು ವಾರ, ಪಿಎಸ್‌ಎಂಗೆ (ಸಮುದಾಯ ವೈದ್ಯಕೀಯ) ಕೊನೆಯ ಮೂರು ದಿನ. ಪರೀಕ್ಷೆಯಲ್ಲಿ ಅನಾಟಮಿಗೆ 17 ಅಂಕ, ಪಿಎಸ್‌ಎಂಗೆ 30. ಮೆಡಿಸಿನ್ 33, ಸರ್ಜರಿ 32, ಒಬಿಜಿ (ಹೆರಿಗೆ, ಸ್ತ್ರೀರೋಗ) 30, ಪಿಎಸ್‌ಎಂ 30: ಈ ನಾಲ್ಕರಲ್ಲೇ 125 ಅಂಕ ಕೂತಿವೆ. ಅದರಲ್ಲೂ ಪಿಎಸ್‌ಎಂ ಎಂದರೆ ನಮ್ಮ ಲಸಿಕೆ ಪಟ್ಟಿ, ಕ್ಷಯ ಕಾರ್ಯಕ್ರಮ, ಆಶಾ ಕಾರ್ಯಕರ್ತೆಯ ಕೆಲಸ. ಹೊರದೇಶದಲ್ಲಿ ಯಾರೂ ಹೇಳಿಕೊಡದ ಭಾಗ. ಇದನ್ನು ಮೂರು ದಿನಕ್ಕೆ ತುರುಕುವುದು ಮಕ್ಕಳಿಗೆ ಮಾಡುವ ಅನ್ಯಾಯ. ಮೊದಲ ತಿಂಗಳಲ್ಲೇ ಶುರುಮಾಡಿ ವಾರಕ್ಕೆರಡು ತರಗತಿ ಇಟ್ಟರೆ ತಾನಾಗಿ ಕೂರುತ್ತದೆ.

ಭಾನುವಾರದ ಅಣಕು ಪರೀಕ್ಷೆಯೂ ಅರ್ಧಂಬರ್ಧ. ಅಸಲಿ ಪರೀಕ್ಷೆ ಒಂದೇ ದಿನ ಎರಡು ಭಾಗ, ತಲಾ 150 ಪ್ರಶ್ನೆ, 150 ನಿಮಿಷ. ಇಲ್ಲಿ ಒಂದು ಭಾಗ ಬರೆಸಿ ಊಟಕ್ಕೆ ಬಿಡುತ್ತಾರೆ. ಮಧ್ಯಾಹ್ನ ದಣಿದ ತಲೆಯಲ್ಲಿ ಎರಡನೇ ಭಾಗ ಬರೆಯುವ ಅಭ್ಯಾಸವೇ ಆಗುವುದಿಲ್ಲ. ತಪ್ಪಿಗೆ ಅಂಕ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬೇಡಿ ಎಂದು ಪ್ರತಿ ಸಲ ನೆನಪಿಸುವುದು ಮಾತ್ರ ಒಳ್ಳೆಯದು.

ಕಾಗದಪತ್ರದ ನೆರವಿಗೆ ಪೂರ್ತಿ ಅಂಕ ಕೊಡಬೇಕು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಪದವಿಪತ್ರದಲ್ಲಿ ಮೂರನೇ ಕಾಗುಣಿತ. ಅರ್ಜಿ ಸಿಕ್ಕಿಹಾಕಿಕೊಳ್ಳುವುದೇ ಅಲ್ಲಿ. ಸೇರಿದ ವಾರವೇ ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ, ಅಫಿಡವಿಟ್ ಮಾಡಿಸಿ, ಪದವಿಪತ್ರಕ್ಕೆ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಆ ದೇಶ ಹಾಕುವ ಮುದ್ರೆ) ಅಥವಾ ರಾಯಭಾರ ಕಚೇರಿಯ ದೃಢೀಕರಣ ಆಗಿದೆಯೇ ಎಂದು ಪರಿಶೀಲಿಸುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರ್ 18ರ ನಿಯಮದಡಿ ಬರುವವರಿಗೆ 54 ತಿಂಗಳ ಕೋರ್ಸು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಇವು ಮೂರಕ್ಕೂ ದಾಖಲೆ ಕೇಳುತ್ತಾರೆ. ಪಾಸಾದ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ, ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್, ಆಮೇಲೆ ಕಾಯಂ ನೋಂದಣಿ. ನಮ್ಮ ತಾಲ್ಲೂಕುಗಳಿಗೆ ವೈದ್ಯರು ಬೇಕಾಗಿರುವಾಗ ಒಂದು ಅಕ್ಷರದ ವ್ಯತ್ಯಾಸಕ್ಕೆ ಪಾಸಾದವರು ತಿಂಗಳುಗಟ್ಟಲೆ ಮನೆಯಲ್ಲಿ ಕೂರಬಾರದು.

ಸೇರುವ ಮೊದಲು ಪಿಎಸ್‌ಎಂ ತರಗತಿ ಎಷ್ಟು ದಿನ, ಪೂರ್ತಿ 300 ಪ್ರಶ್ನೆಯ ಪರೀಕ್ಷೆ ಎಷ್ಟು ಸಲ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಶುಲ್ಕದ ಎರಡನೇ ಕಂತು ಅದಾದ ಮೇಲೆ ಕಟ್ಟಿ.